ಮೊದಲ ಭೇಟಿಯ ಹಿಂದಿನ ರಾತ್ರಿ

ಮಳಖೇಡ, ಸೇಡಂ, ಚಿತ್ತಾಪುರದ ಸೀಮೆಯಲ್ಲಿ ಹಲ್ಲುನೋವನ್ನು ತೊಗರಿ ರಾಶಿ ಮುಗಿಯುವ ತನಕ ತಡೆದುಕೊಳ್ಳುವ ರೂಢಿ ಇದೆ. ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಬೇಕು, ಸಜ್ಜಿ ರೊಟ್ಟಿ, ಭಜ್ಜಿಯ ಊಟ ಆಗಬೇಕು, ರಾಶಿ ಆಗಬೇಕು, ತೊಗರಿ ಮಾರಿ ಕೈಯಲ್ಲಿ ನಾಲ್ಕು ದುಡ್ಡು ಆಡಬೇಕು. ದವಾಖಾನಿ ಆಮೇಲೆ. ಅಷ್ಟರತನಕ ಲವಂಗ ಕಚ್ಚಿ, ಉಪ್ಪುನೀರು ಮುಕ್ಕಳಿಸಿ, ಮೆಡಿಕಲ್ ಅಂಗಡಿಯಲ್ಲಿ ‘ಹಲ್ಲಿಂದು ಎರಡು ಗುಳಗಿ ಕೊಡ್ರಿ’ ಎಂದು ಕೇಳಿ ತಂದು ದಿನ ನೂಕುತ್ತಾರೆ. ದವಡೆ ಬಾತರೆ ಬಿಸಿ ಉಪ್ಪಿನ ಗಂಟಿನಿಂದ ಹೊರಗಿನಿಂದ ಕಾವು ಕೊಡುತ್ತಾರೆ. ಕೀವಾದ ಬಾವಿಗೆ ಹೊರಗಿನ ಕಾವು ಒಳ್ಳೆಯದಲ್ಲ ಎಂದು ಹಲ್ಲಿನ ಡಾಕ್ಟರುಗಳು ಎಷ್ಟು ಹೇಳಿದರೂ ಈ ರೂಢಿ ಬಿಟ್ಟುಹೋಗಿಲ್ಲ. ರಾಶಿಗೆ ಮೊದಲು ಶುರುವಾದ ನೋವು ರಾಶಿ ಮುಗಿಯುವ ಹೊತ್ತಿಗೆ ಹಲ್ಲು ದಾಟಿ ಮೂಳೆಗೆ ಇಳಿದಿರುತ್ತದೆ.

ನನ್ನ ಸೋದರಮಾವನದೂ ಹಾಗೇ ಆಯಿತು. ಅವರು ವಯಸ್ಸಿನಲ್ಲಿ ಶಹಾಬಾದ್ ಕಲ್ಲಿನ ಖಣಿಯಲ್ಲಿ ಫರ್ಸಿ ಎಬ್ಬಿಸಿದವರು. ಈಗ ಅರವತ್ತರ ಹತ್ತಿರ, ಮನೆ ಮುಂದಿನ ನಾಲ್ಕು ಎಕರೆ ತೊಗರಿ ನೋಡಿಕೊಂಡಿದ್ದಾರೆ. ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಣ್ಣಲು ಶುರುಮಾಡಿದಾಗಲೇ ನಮ್ಮ ಅತ್ತಿಯವರಿಗೆ ಸಂಶಯ ಬಂದಿತ್ತು. ಸೇಡಂನಲ್ಲಿ ತೋರಿಸಿದಾಗ ಅಲ್ಲಿಯ ಹಲ್ಲಿನ ಡಾಕ್ಟರು ಕೆಳದವಡೆಯ ಕೊನೆಯಲ್ಲಿ ಅಕ್ಕಲ್ ದಾಢ ಅಡ್ಡ ಮಲಗಿದೆ, ಹುಳುಕೂ ಆಗಿದೆ, ಮೂಳೆ ಸ್ವಲ್ಪ ಕೊರೆದು ತೆಗೆಯಬೇಕಾದೀತು, ಕಲಬುರಗಿಗೆ ಹೋಗಿ ಬಾಯಿ ಮತ್ತು ದವಡೆಯ ಸರ್ಜನ್ನರಿಗೆ ತೋರಿಸಿರಿ ಎಂದು ಚೀಟಿ ಬರೆದುಕೊಟ್ಟರು. ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಹೋಗುವ ಹಿಂದಿನ ಸಂಜೆ ನಾನು ಮಳಖೇಡದ ಅವರ ಮನೆಗೆ ಹೋಗಿ, “ಮಾವಾ, ನಾಳೆ ಡಾಕ್ಟರ್‌ಗೆ ಏನೇನು ಹೇಳಬೇಕು ಅಂತ ಬರಕೊಳ್ಳೋಣ” ಎಂದೆ.

“ಹೇಳೋದೇನದ ತಮ್ಮಾ? ಅವ್ರೇ ಫೋಟೋ ಹೊಡದು ನೋಡ್ತಾರ.”

ಈ ಮಾತು ಮಾವನೊಬ್ಬರದಲ್ಲ. ಆಪರೇಷನ್ ಎಂದರೆ ಡಾಕ್ಟರು ಮಾಡುವುದು, ನಾವು ಮಾಡಿಸಿಕೊಳ್ಳುವುದು. ನಮ್ಮ ಕೆಲಸ ಬಾಯಿ ತೆರೆದು ಕೂಡುವುದಷ್ಟೇ ಎಂದು ನಮ್ಮ ಜನ ನಂಬಿದ್ದಾರೆ. ಎಕ್ಸ್-ರೇ ಹಲ್ಲು ಹೇಗೆ ಮಲಗಿದೆ ಎಂದು ತೋರಿಸುತ್ತದೆ. ದವಡೆಯೊಳಗೆ ನರ ಹಾಯುವ ದಾರಿಯೂ ಅದರಲ್ಲಿ ಕಾಣುತ್ತದೆ. ಆದರೆ ಈ ಮನುಷ್ಯ ಹೋದ ವರ್ಷ ಎದೆನೋವಿಗೆ ಅಡ್ಮಿಟ್ ಆಗಿದ್ದ, ದಿನಾ ರಾತ್ರಿ ರಕ್ತ ತೆಳುಮಾಡುವ ಗುಳಿಗೆ ನುಂಗುತ್ತಾನೆ, ಯಾವುದೋ ಸೂಜಿಗೆ ಮೈಯೆಲ್ಲ ದದ್ದು ಎದ್ದಿತ್ತು, ಇಪ್ಪತ್ತನೇ ವಯಸ್ಸಿನಿಂದ ಕೆಳದುಟಿಯ ಸಂದಿಯಲ್ಲಿ ತಂಬಾಕು ಇಡುತ್ತಾನೆ ಎಂಬುದು ಯಾವ ಫಿಲ್ಮಿನಲ್ಲೂ ಮೂಡುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಬೇಕಾದವನು ರೋಗಿ. ಸರ್ಜನ್ನರ ಮೊದಲ ಭೇಟಿಯಲ್ಲಿ ರೋಗಿ ಏನು ಹೇಳುತ್ತಾನೆ, ಏನು ಮುಚ್ಚಿಡುತ್ತಾನೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ ಎಂದು ನಾನು ನಂಬುತ್ತೇನೆ. ಆಪರೇಷನ್ನಿನ ಅರ್ಧ ಆ ಕುರ್ಚಿಯಲ್ಲೇ ನಡೆದುಹೋಗುತ್ತದೆ.

ಮೊದಲು ಗುಳಿಗೆಗಳನ್ನು ನೋಡೋಣ ಎಂದೆ. ಅತ್ತಿ ಒಳಗಿನಿಂದ ಬಿಸ್ಕೀಟಿನ ತಗಡಿನ ಡಬ್ಬಿ ತಂದು ಕೌದಿಯ ಮೇಲೆ ಸುರುವಿದರು. ನಮ್ಮೂರ ಮನೆಗಳಲ್ಲಿ ಔಷಧ ಹೇಗಿರುತ್ತದೆ ಎಂದು ನೋಡಬೇಕಾದರೆ ಇಂಥ ಡಬ್ಬಿ ತೆರೆದು ನೋಡಬೇಕು. ಇಡೀ ಪಟ್ಟಿ ಕೊಳ್ಳಲು ಯಾವಾಗಲೂ ದುಡ್ಡಿರುವುದಿಲ್ಲ. ಹತ್ತರ ಪಟ್ಟಿಯಲ್ಲಿ ಮೂರು, ನಾಲ್ಕು ಕತ್ತರಿಸಿ ಕೊಡುತ್ತಾರೆ. ಹಾಗೆ ಕತ್ತರಿಸಿದ ತುಂಡುಗಳಲ್ಲಿ ಹೆಸರು ಇರುವ ಭಾಗ ಅಂಗಡಿಯಲ್ಲೇ ಉಳಿಯುತ್ತದೆ. ಮನೆಗೆ ಬರುವುದು ಅರ್ಧ ಅಕ್ಷರ, ಬೆಲೆಯ ಒಂದು ಅಂಕಿ, ತಯಾರಿಸಿದ ತಿಂಗಳಿನ ಬಾಲ. ಕೌದಿಯ ಮೇಲೆ ಬಿದ್ದ ತುಂಡುಗಳಲ್ಲಿ ಒಂದು ಗುಲಾಬಿ, ಒಂದು ಹಳದಿ, ಎರಡು ಬಿಳಿ. ಬಿಳಿಯದರಲ್ಲಿ ಒಂದು ಬಹಳ ಸಣ್ಣದು. ಮಾವ ಅವನ್ನು ಹೆಸರಿನಿಂದ ಅಲ್ಲ, ಹೊತ್ತಿನಿಂದ ಗುರುತಿಸುತ್ತಿದ್ದರು: ಇದು ಮುಂಜಾನೀದು, ಇದು ಉಂಡ ಮ್ಯಾಲಿಂದು, ಇದು ಮಲಗೋ ಮುಂದಿಂದು. ಡಬ್ಬಿಯ ತಳದಲ್ಲಿ ನಾಲ್ಕು ಮಡಿಕೆ ಬಿದ್ದ ಒಂದು ಡಿಸ್ಚಾರ್ಜ್ ಕಾರ್ಡೂ ಇತ್ತು. ಮಡಿಕೆಯ ಮೇಲಿನ ಅಕ್ಷರಗಳು ಅಳಿಸಿಹೋಗಿದ್ದವು.

ಆ ಕಾರ್ಡನ್ನೂ ತುಂಡುಗಳನ್ನೂ ಹಿಡಿದು ಬಸ್‌ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಅಂಗಡಿಗೆ ಹೋದೆವು. ಅಂಗಡಿಯ ಹುಡುಗ ಕಾರ್ಡು ಓದಿ, ತುಂಡುಗಳನ್ನು ತನ್ನ ಹತ್ತಿರದ ಪೂರಾ ಪಟ್ಟಿಗಳ ಪಕ್ಕ ಇಟ್ಟು ಹೊಂದಿಸಿ ಒಂದೊಂದರ ಹೆಸರು ಬರೆದುಕೊಟ್ಟ. ಒಂದು ಬಿಪಿಯದು, ಒಂದು ಶುಗರಿನದು, ಒಂದು ಕೊಬ್ಬಿನದು. ಆ ಸಣ್ಣ ಬಿಳಿಯದು ಆಸ್ಪಿರಿನ್. ಎದೆಗೆ ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಟ್ಟದ್ದು. ಅಲ್ಲಿ ನಿಂತಾಗಲೇ ಮಾವ ಇನ್ನೊಂದು ಸಂಗತಿ ಹೇಳಿದರು. ಹಲ್ಲು ಕಿತ್ತರೆ ರಕ್ತ ನಿಲ್ಲುವುದಿಲ್ಲ, ಅದಕ್ಕೆ ಎದೆಯ ಗುಳಿಗೆ ಈಗಲೇ ಬಿಡು ಎಂದು ಪಕ್ಕದ ಹೊಲದವರು ಹೇಳಿದ್ದರಂತೆ. ನಾಲ್ಕು ದಿನದಿಂದ ಅವರು ಅದನ್ನು ನುಂಗಿರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಸ್ಟೆಂಟ್ ಹಾಕಿಸಿಕೊಂಡವರು, ಕವಾಟ ಬದಲಾಯಿಸಿಕೊಂಡವರು, ಲಕ್ವ ಹೊಡೆದು ಉಳಿದವರು ರಕ್ತ ತೆಳುಮಾಡುವ ಗುಳಿಗೆಯನ್ನು ತಾವಾಗಿ ನಿಲ್ಲಿಸಿದರೆ ಹೃದಯದಲ್ಲೋ ಮಿದುಳಿನಲ್ಲೋ ಹೆಪ್ಪುಗಟ್ಟುವ ಅಪಾಯವಿದೆ. ಹಲ್ಲು ಕಿತ್ತ ಕುಳಿಯ ರಕ್ತವನ್ನು ಗಾಜ್ ಕಚ್ಚಿಸಿ, ಹೊಲಿಗೆ ಹಾಕಿ, ಬೇಕಾದರೆ ಔಷಧ ತುಂಬಿ ನಿಲ್ಲಿಸಬಹುದು. ಎದೆಯೊಳಗಿನ ಹೆಪ್ಪನ್ನು ಹಾಗೆ ಕೈಯಿಟ್ಟು ನಿಲ್ಲಿಸಲಾಗದು. ಅದಕ್ಕೇ ಈಗ ಒಂದೆರಡು ಹಲ್ಲು ತೆಗೆಯಲು ಆಸ್ಪಿರಿನ್ ನಿಲ್ಲಿಸುವುದು ಸಾಮಾನ್ಯವಾಗಿ ಬೇಡ ಎನ್ನುತ್ತಾರೆ. ವಾರ್ಫರಿನ್‌ನಂಥ ಗುಳಿಗೆ ಇದ್ದರೆ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸಿ ನೋಡುತ್ತಾರೆ. ನಿಲ್ಲಿಸಬೇಕೋ ಬೇಡವೋ ಎಂಬುದು ಹಲ್ಲಿನ ಡಾಕ್ಟರೂ ಹೃದಯದ ಡಾಕ್ಟರೂ ಸೇರಿ ಹೇಳಬೇಕಾದ ಮಾತು. ಪಕ್ಕದ ಹೊಲದವರು ಹೇಳುವ ಮಾತಲ್ಲ. ಅಂಗಡಿಯಿಂದಲೇ ಆ ಹಳೆಯ ಕಾರ್ಡಿನ ಮೇಲಿದ್ದ ನಂಬರಿಗೆ ಫೋನ್ ಮಾಡಿದೆವು. ಅಂದು ರಾತ್ರಿಯಿಂದಲೇ ಗುಳಿಗೆ ಮತ್ತೆ ಶುರುವಾಯಿತು.

ಮೂಳೆ ಸವೆತಕ್ಕೆಂದು ವಾರಕ್ಕೊಮ್ಮೆ ನುಂಗುವ ಗುಳಿಗೆ, ವರ್ಷಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಸೂಜಿ ಇದ್ದರೆ ಅದನ್ನೂ ಹೇಳಬೇಕು. ಅವುಗಳಲ್ಲಿ ಕೆಲವು ದವಡೆಯ ಮೂಳೆ ಮಾಯದಂತೆ ಮಾಡಬಹುದು. ಕೀಲುನೋವಿಗೆ, ದಮ್ಮಿಗೆ ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಅದನ್ನೂ. ಊರಿನ ಔಷಧಿ, ಪುಡಿ, ಕಷಾಯ ಯಾವುದಾದರೂ ಸರಿ. ಚಿಕ್ಕಂದಿನಲ್ಲಿ ಕೀಲು ಬಾತು ಜ್ವರ ಬಂದು ಹೃದಯದ ಕವಾಟಕ್ಕೆ ತೊಂದರೆ ಆಗಿದ್ದರೆ, ಕವಾಟ ಬದಲಾಯಿಸಿದ್ದರೆ ಮರೆಯದೆ ಹೇಳಬೇಕು. ಅಂಥ ಕೆಲವರಿಗೆ ಹಲ್ಲು ಕೀಳುವ ಮೊದಲೇ ಆ್ಯಂಟಿಬಯೋಟಿಕ್ ಕೊಡುತ್ತಾರೆ.

ಕಾಗದದ ವಿಷಯಕ್ಕೆ ಬಂದರೆ ನನಗೆ ಯಾವಾಗಲೂ ನಾಗಾವಿ ನೆನಪಾಗುತ್ತದೆ. ಚಿತ್ತಾಪುರದ ಪಕ್ಕದಲ್ಲೇ ಇರುವ ನಾಗಾವಿ ಒಂದು ಕಾಲಕ್ಕೆ ದೊಡ್ಡ ಘಟಿಕಾಸ್ಥಾನ. ಅಲ್ಲಿಯ 1058ರ ಶಾಸನದಲ್ಲಿ ವೇದ ಓದುವ ವಿದ್ಯಾರ್ಥಿಗಳು, ಶಾಸ್ತ್ರ ಓದುವ ವಿದ್ಯಾರ್ಥಿಗಳು, ಕಲಿಸುವವರು ಎಲ್ಲರ ಲೆಕ್ಕದ ಜೊತೆ ಆರು ಮಂದಿ ಸರಸ್ವತೀ ಭಂಡಾರಿಗರ ಲೆಕ್ಕವೂ ಇದೆ. ಓಲೆಗಳನ್ನು ಕಾಯುವುದೇ ಅವರ ಕೆಲಸ. ಸಾವಿರ ವರ್ಷದ ಹಿಂದೆ ಓಲೆ ಕಾಯಲು ಆರು ಮಂದಿಗೆ ಜೀವನಾಂಶ ಕೊಟ್ಟ ಸೀಮೆಯಲ್ಲಿ ಇವತ್ತು ಒಂದು ಮನೆಯ ರೋಗದ ಕಾಗದಗಳು ಬಿಸ್ಕೀಟ್ ಡಬ್ಬಿಯ ತಳದಲ್ಲಿ ಅಳಿಸಿಹೋಗುತ್ತಿವೆ. ಮೊಮ್ಮಗಳ ಶಾಲೆಯ ಒಂದು ಪ್ಲಾಸ್ಟಿಕ್ ಫೈಲು ತೆಗೆದುಕೊಂಡು ಡಿಸ್ಚಾರ್ಜ್ ಕಾರ್ಡು, ಸೇಡಂನ ಚೀಟಿ, ಹಳೆಯ ರಕ್ತಪರೀಕ್ಷೆಗಳು, ಆಧಾರ್, ರೇಶನ್ ಕಾರ್ಡಿನ ಜೆರಾಕ್ಸ್ ಎಲ್ಲವನ್ನೂ ಅದರಲ್ಲಿ ಹಾಕಿದೆವು. ರೇಶನ್ ಕಾರ್ಡು ಯಾಕೆಂದರೆ, 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದ ಕೌಂಟರಿನಲ್ಲಿ ಮೊದಲು ಕೇಳುವುದು ಅದನ್ನೇ.

ತಂಬಾಕಿನ ಮಾತು ತೆಗೆಯುವುದು ಗುಳಿಗೆಯ ಮಾತಿನಷ್ಟು ಸುಲಭವಿರಲಿಲ್ಲ. ಮೊಮ್ಮಕ್ಕಳು ಸುತ್ತ ಕೂತಿದ್ದರು.

“ತಂಬಾಕ ಬಿಟ್ಟೀನಿ, ಬರಕೋ,” ಎಂದರು ಮಾವ.

ಅತ್ತಿ ಒಲೆಯ ಮುಂದಿನಿಂದ, “ಹಗಲತ್ತ ಬಿಟ್ಟಾರ,” ಎಂದರು.

ಮಕ್ಕಳನ್ನು ಹೊರಗೆ ಕಳಿಸಿದ ಮೇಲೆ ಮಾವ ನಿಜ ಹೇಳಿದರು. ಖಣಿಯಲ್ಲಿ ಕೆಲಸ ಮಾಡುವಾಗ ಬಿಸಿಲಿಗೆ, ಧೂಳಿಗೆ, ಹಸಿವಿಗೆ ಎಲ್ಲಕ್ಕೂ ಅಂಗೈಯಲ್ಲಿ ಸುಣ್ಣದ ಜೊತೆ ತಿಕ್ಕಿದ ಒಂದು ಚಿಟಿಕೆ. ಮುಂದೆ ಗುಟ್ಕಾ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದಾಗ ಅಂಗಡಿಯವರು ಅಡಿಕೆ ಪುಡಿಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ ಮಾಡಿ ಮಾರಿದರು. ಜನ ಎರಡನ್ನೂ ಕೊಂಡು ಅಂಗೈಯಲ್ಲಿ ಕೂಡಿಸಿಕೊಂಡರು. ಹೆಂಗಸರ ಕಡೆಗೆ ಹೋದರೆ ಮಶೇರಿ. ಸುಟ್ಟ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುವುದು. ಹಲ್ಲುಪುಡಿಯೆಂದೇ ಎಣಿಸಿರುವುದರಿಂದ ಎಷ್ಟೋ ಅವ್ವಂದಿರು ಡಾಕ್ಟರು ‘ತಂಬಾಕು ಇದೆಯೇನ್ರಿ’ ಎಂದು ಕೇಳಿದಾಗ ‘ಇಲ್ಲರೀ’ ಎನ್ನುತ್ತಾರೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಕೇಳುವವರೇ ‘ಮಶೇರಿ ಹಚ್ಚತೀರೇನವ್ವಾ’ ಎಂದು ಹೆಸರು ಹಿಡಿದು ಕೇಳಬೇಕು.

ಇದೇ ನೆಲದ ಬಗ್ಗೆ ಒಂದು ಹಳೆಯ ಮಾತಿದೆ. ಕ್ರಿ.ಶ. 851ರಲ್ಲಿ ಅರಬ್ಬಿಯಲ್ಲಿ ಬರೆದ, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಪ್ರಸಿದ್ಧವಾದ ಪ್ರವಾಸದ ಬರಹದಲ್ಲಿ ಜಗತ್ತಿನ ನಾಲ್ವರು ದೊಡ್ಡ ರಾಜರ ಪೈಕಿ ಒಬ್ಬನೆಂದು ಬಲ್ಹರನನ್ನು ಹೆಸರಿಸಿದೆ. ಬಲ್ಹರನೆಂದರೆ ರಾಷ್ಟ್ರಕೂಟರ ವಲ್ಲಭರಾಜ; ಆಗ ಮಾನ್ಯಖೇಟದಲ್ಲಿ, ಅಂದರೆ ಈಗಿನ ಮಳಖೇಡದಲ್ಲಿ, ಆಳುತ್ತಿದ್ದವನು ಅಮೋಘವರ್ಷ ನೃಪತುಂಗ. ಅದೇ ಬರಹದಲ್ಲಿ ಹಿಂದೂಸ್ಥಾನದ ಜನ ಹಲ್ಲುಕಡ್ಡಿಯಿಂದ ಹಲ್ಲು ತಿಕ್ಕಿ ಮೈ ತೊಳೆಯದೆ ಊಟಕ್ಕೆ ಕೂಡುವುದಿಲ್ಲ, ಚೀನದವರಲ್ಲಿ ಈ ಪದ್ಧತಿ ಇಲ್ಲ ಎಂದೂ ಬರೆದಿದೆ. ಕಡಲಾಚೆಯ ವರ್ತಕರ ಕಣ್ಣಿಗೆ ನಮ್ಮವರ ಬಾಯಿಯ ಶುಚಿ ಹೀಗೆ ಬಿದ್ದಿತ್ತು. ಆಗ ತಂಬಾಕು ಈ ದೇಶಕ್ಕೆ ಬಂದೇ ಇರಲಿಲ್ಲ. ಅಮೆರಿಕದ ಆ ಗಿಡವನ್ನು ಪೋರ್ಚುಗೀಸರು ತಂದದ್ದು ಏಳುನೂರು ವರ್ಷದಷ್ಟು ಆಮೇಲೆ. ಬೇವಿನ ಕಡ್ಡಿಯ ಜಾಗಕ್ಕೆ ಮಶೇರಿ ಬಂದದ್ದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

“ಮಾವಾ, ನಿಮ್ಮ ಮೂರು ಬೆರಳು ಒಂದರ ಮ್ಯಾಲೊಂದು ನಿಲ್ಲಿಸಿ ಬಾಯಾಗ ಇಡ್ರಿ ನೋಡೋಣ,” ಎಂದೆ. ತೋರುಬೆರಳು, ನಡುಬೆರಳು, ಉಂಗುರದ ಬೆರಳು. ಬಾಯಿ ಸರಿಯಾಗಿ ತೆರೆಯುವವರಿಗೆ ಅವರವರ ಮೂರು ಬೆರಳು ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿಯುತ್ತವೆ. ಮಾವನ ಕೈ ಕಲ್ಲು ಎತ್ತಿದ ಕೈ, ಬೆರಳು ದಪ್ಪ; ಅದನ್ನು ಲೆಕ್ಕಕ್ಕೆ ಹಿಡಿದರೂ ಎರಡಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಮೂರನೆಯದನ್ನು ತುರುಕಲು ನೋಡಿದಾಗ ಕೆನ್ನೆಯ ಒಳಗೆ ಹಗ್ಗ ಬಿಗಿದ ಹಾಗೆ ಆಗುತ್ತದೆ ಎಂದರು. ಖಾರದ ಪಲ್ಯ ಉಂಡರೆ ಬಾಯಿ ಉರಿಯುವುದನ್ನೂ ಆಗಲೇ ಹೇಳಿದರು. ಪುಂಡಿ ಪಲ್ಯ, ಶೇಂಗಾ ಹಿಂಡಿ ಬಿಟ್ಟು ವರ್ಷವಾಗಿತ್ತಂತೆ. ಅತ್ತಿಗೂ ಅದರ ಕಾರಣ ಹೇಳಿರಲಿಲ್ಲ.

ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಪದರ ಗಡುಸಾಗಿ ಬಾಯಿ ಬರಬರುತ್ತ ಮುಚ್ಚಿಕೊಳ್ಳುವ ಈ ರೋಗವನ್ನು ಡಾಕ್ಟರುಗಳು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯ ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ ಇದನ್ನು ಕಂಡು ಬರೆದ. ಮರುವರ್ಷ ಜೋಶಿ ಎಂಬುವರು ಮುಂಬೈಯಿಂದ ಬರೆದರು. ಎಲ್ಲಿ ಹೋದರೂ ಅಡಿಕೆ ನಮ್ಮ ಜೊತೆ ಹೋಗಿದೆ, ಅದರ ಬೆನ್ನಿಗೆ ಈ ರೋಗವೂ ಹೋಗಿದೆ. ಅಡಿಕೆ ತಾನಾಗಿಯೇ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ಸಾರಿದೆ. ಸರ್ಜನ್ನರಿಗೆ ಇದು ಮೊದಲೇ ಗೊತ್ತಿರಬೇಕು. ಬಾಯಿ ಎರಡು ಬೆರಳಷ್ಟೇ ತೆರೆದರೆ ಕೊನೆಯ ದವಡೆ ಹಲ್ಲಿನ ತನಕ ಕೈಯೂ ಸಲಕರಣೆಯೂ ಹೋಗುವುದು ಕಷ್ಟ. ಪೂರ್ತಿ ಅರಿವಳಿಕೆ ಕೊಡಬೇಕಾಗಿ ಬಂದರೆ ಉಸಿರಿನ ನಳಿಕೆ ಇಳಿಸುವುದೂ ಕಷ್ಟ. ‘ಇಪ್ಪತ್ತರಿಂದ ಇವತ್ತಿನ ತನಕ, ದಿನಕ್ಕೆ ಎಂಟು ಹತ್ತು ಸಲ’ ಎಂದು ನೋಟ್‌ಬುಕ್ಕಿನಲ್ಲಿ ಬರೆದೆವು. ಮಾವ ತಾವೇ ಪೆನ್ನು ತೆಗೆದುಕೊಂಡು ‘ಹತ್ತು’ ಎಂಬುದನ್ನು ಹೊಡೆದುಹಾಕಿ ‘ಹದಿನೈದು’ ಎಂದು ಬರೆದರು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಮನುಷ್ಯ ತನ್ನ ಕೈಯಿಂದ ಬರೆಯುವುದು ಸಣ್ಣ ಮಾತಲ್ಲ. ಆ ಹೊತ್ತಿಗೆ ಅವರ ಮೇಲಿದ್ದ ನನ್ನ ಗೌರವ ಇನ್ನೂ ಹೆಚ್ಚಾಯಿತು.

ಮುಂಜಾನೆ ಉಪವಾಸ ಹೋಗಬೇಕೋ ಉಂಡು ಹೋಗಬೇಕೋ ಎಂಬ ಪ್ರಶ್ನೆ ಅತ್ತಿಯದು. ಉಪವಾಸ ಎನ್ನುವುದಕ್ಕೆ ಹಳೆಯ ಆಧಾರವೇ ಇದೆ. ಸುಶ್ರುತ ಶಸ್ತ್ರಕರ್ಮಕ್ಕೆ ಮೊದಲು ರೋಗಿಗೆ ಹಗುರ ಊಟ ಹಾಕಬೇಕೆಂದು ಹೇಳಿ, ಕೆಲವು ರೋಗಗಳಿಗೆ ಮಾತ್ರ ಉಣ್ಣದವನ ಮೇಲೆ ಶಸ್ತ್ರ ನಡೆಸಬೇಕು ಎನ್ನುತ್ತಾನೆ. ಬಾಯಿಯ ರೋಗ ಆ ಪಟ್ಟಿಯಲ್ಲಿದೆ. ಪೂರ್ತಿ ಅರಿವಳಿಕೆ ಕೊಡುವಾಗ ಇಂದೂ ಅದೇ ನಿಯಮ: ಗಟ್ಟಿ ಊಟ ಆರು ತಾಸು ಮೊದಲು ನಿಲ್ಲಬೇಕು, ಬರೀ ನೀರು ಎರಡು ತಾಸಿನ ಮೊದಲು. ಆದರೆ ಜಾಗಕ್ಕಷ್ಟೇ ಸೂಜಿ ಕೊಟ್ಟು ಹಲ್ಲು ತೆಗೆಯುವುದಾದರೆ ಉಪವಾಸ ಬೇಡ. ಶುಗರ್ ಇದ್ದವರು ಗುಳಿಗೆ ನುಂಗಿ ಊಟ ಬಿಟ್ಟು ಬಂದರೆ ಕುರ್ಚಿಯಲ್ಲೇ ತಲೆ ತಿರುಗಿ ಬೀಳಬಹುದು. ಮೊದಲ ಭೇಟಿಗಂತೂ ಉಂಡೇ ಹೋಗಬೇಕು. ಅತ್ತಿ ಜೋಳದ ನುಚ್ಚು, ಮಜ್ಜಿಗೆ ಮಾಡಿಕೊಡುತ್ತೇನೆ ಎಂದರು.

ಮಾವನ ಒಳಗಿನ ಅಂಜಿಕೆ ಸೂಜಿಯದು. ಮಳಖೇಡದ ಸಂತೆಯಲ್ಲಿ ಚಾಪೆ ಹಾಸಿ ಕೂತವನ ಕೈಯಿಂದ ಮುತ್ಯಾ ಹಲ್ಲು ಕೀಳಿಸಿಕೊಂಡದ್ದನ್ನು ಅವರು ಚಿಕ್ಕಂದಿನಲ್ಲಿ ಕಂಡವರು. ನಾನು ಅವರಿಗೆ ಹೈದರಾಬಾದಿನ ಕಥೆ ಹೇಳಿದೆ. ಈ ಊರುಗಳೆಲ್ಲ 1948ರ ತನಕ ನಿಜಾಮರ ಸೀಮೆ. ಆ ಸೀಮೆಯ ರಾಜಧಾನಿಯಲ್ಲಿ 1888, 1889ರಲ್ಲಿ ಕ್ಲೋರೋಫಾರ್ಮ್ ಕಮಿಷನ್ ಎಂದು ಎರಡು ಸಲ ಕೂತಿತ್ತು. ಅರಿವಳಿಕೆಗೆಂದು ಕ್ಲೋರೋಫಾರ್ಮ್ ಕೊಟ್ಟಾಗ ಕೆಲವರು ಯಾಕೆ ಸಾಯುತ್ತಾರೆ ಎಂದು ತಿಳಿಯುವುದು ಅದರ ಕೆಲಸ. ಎಡ್ವರ್ಡ್ ಲಾರಿ ಎಂಬ ಸರ್ಜನ್ ಅದನ್ನು ನಡೆಸಿದ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಹಣ ಕೊಟ್ಟ. ಎರಡನೆಯ ಸಲಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಎಂಬ ದೊಡ್ಡ ವೈದ್ಯ ಬಂದ. ಪಾರ್ಸಿ ಹೆಣ್ಣುಮಗಳು ರೂಪಾಬಾಯಿ ಫರ್ದೂನ್‌ಜಿ ಹೈದರಾಬಾದಿನ ವೈದ್ಯ ಶಾಲೆಯಲ್ಲಿ ಓದಿದ್ದು ಆ ದಿನಗಳಲ್ಲೇ. ಜಗತ್ತಿನ ಮೊದಲ ಅರಿವಳಿಕೆ ತಜ್ಞೆ ಎಂದು ಹಲವರು ಆಕೆಯನ್ನು ಗುರುತಿಸುತ್ತಾರೆ. ಹೃದಯಕ್ಕಿಂತ ಉಸಿರನ್ನು ನೋಡಿಕೊಳ್ಳಿ ಎಂದು ಕಮಿಷನ್ ಹೇಳಿತು. ಕ್ಲೋರೋಫಾರ್ಮಿನಿಂದ ಹೃದಯವೂ ಒಮ್ಮೆಲೇ ಲಯ ತಪ್ಪಿ ನಿಲ್ಲಬಲ್ಲದು ಎಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿ ಆ ತೀರ್ಮಾನವನ್ನು ತಿದ್ದಿದ. ಈಗ ಹಲ್ಲಿಗೆ ಕೊಡುವುದು ಬಹುಮಟ್ಟಿಗೆ ಲಿಗ್ನೋಕೇನ್. ಸ್ವೀಡನ್ನಿನಲ್ಲಿ ನಿಲ್ಸ್ ಲಾಫ್‌ಗ್ರೆನ್ 1943ರಲ್ಲಿ ತಯಾರಿಸಿದ್ದು. ರಕ್ತ ಕಡಿಮೆ ಬರಲಿ, ಮರಗಟ್ಟುವಿಕೆ ಹೆಚ್ಚು ಹೊತ್ತು ನಿಲ್ಲಲಿ ಎಂದು ಅದರಲ್ಲಿ ಅಡ್ರಿನಲಿನ್ ಸ್ವಲ್ಪ ಸೇರಿಸಿರುತ್ತಾರೆ. ಬಿಪಿ, ಎದೆರೋಗ ಇದ್ದವರು ಮೊದಲೇ ಹೇಳಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ.

“ಅಂದರ ನೋಯಂಗಿಲ್ಲ?” ಎಂದರು ಮಾವ.

“ಸೂಜಿ ಚುಚ್ಚಿದಾಗ ಚುರ್ ಅಂತದ. ಆಮ್ಯಾಲೆ ಒತ್ತೋದು, ಎಳೆಯೋದು ಗೊತ್ತಾಗ್ತದ, ನೋವು ಗೊತ್ತಾಗಂಗಿಲ್ಲ. ನೋವಾದರ ಕೈ ಎತ್ರಿ, ಅವ್ರು ನಿಲ್ಲಿಸಿ ಮತ್ತಿಷ್ಟು ಹಾಕ್ತಾರ.”

ಹೇಳಬೇಕಾದ್ದು ಮುಗಿದ ಮೇಲೆ ಕೇಳಬೇಕಾದ್ದು. ಡಾಕ್ಟರನ್ನು ಪ್ರಶ್ನೆ ಕೇಳುವುದು ಉದ್ಧಟತನ ಎಂದು ನಮ್ಮವರಿಗೆ ಅನಿಸುತ್ತದೆ. ಮಳಖೇಡದವರು ಹೀಗೆ ಅಂಜಬೇಕಾಗಿಲ್ಲ. ಕಾಗಿಣಾ ದಂಡೆಯ ಕೋಟೆಯಲ್ಲಿ ಕೂತು ಆಳಿದ ಅಮೋಘವರ್ಷನ ಹೆಸರಿನಲ್ಲಿ ಪ್ರಶ್ನೋತ್ತರ ರತ್ನಮಾಲಿಕೆ ಎಂಬ ಪುಟ್ಟ ಸಂಸ್ಕೃತ ಕೃತಿ ಇದೆ, ಟಿಬೆಟ್ಟಿನ ಭಾಷೆಗೂ ಹೋಗಿದೆ. ಅದರ ತುಂಬ ಪ್ರಶ್ನೆ, ಪ್ರಶ್ನೆಯ ಬೆನ್ನಿಗೇ ಉತ್ತರ. ವಿವೇಕದಿಂದ ರಾಜ್ಯ ಬಿಟ್ಟ ರಾಜ ಇದನ್ನು ರಚಿಸಿದ ಎಂದು ಅದರ ಕೊನೆಯಲ್ಲಿದೆ. ಅವನ ಕಾಲದ ಜೈನ ವೈದ್ಯ ಉಗ್ರಾದಿತ್ಯ ಕಲ್ಯಾಣಕಾರಕ ಎಂಬ ವೈದ್ಯಗ್ರಂಥ ಬರೆದವನು. ಔಷಧದಲ್ಲಿ ಮಾಂಸ ಬಳಸುವುದು ಸರಿಯಲ್ಲ ಎಂದು ನೃಪತುಂಗನ ಸಭೆಯಲ್ಲಿ ವೈದ್ಯರ ಮುಂದೆಯೇ ವಾದಿಸಿದವನು. ಸರಿಯೋ ತಪ್ಪೋ, ವೈದ್ಯವನ್ನು ಸಭೆಯಲ್ಲಿ ನಿಲ್ಲಿಸಿ ಪ್ರಶ್ನಿಸುತ್ತಿದ್ದರು ಎನ್ನುವುದು ಮುಖ್ಯ. ಈಗಿನ ಕಾಲಕ್ಕೆ ಕೇಳುವ ದಾರಿ ಇನ್ನೂ ಸುಲಭವಾಗಿದೆ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371 (ಜೆ) ಕಲಮಿನಿಂದ ನಮ್ಮ ಜಿಲ್ಲೆಗಳ ಮಕ್ಕಳಿಗೆ ವೈದ್ಯಕೀಯ, ದಂತ ವೈದ್ಯಕೀಯ ಸೀಟುಗಳಲ್ಲಿ ಪಾಲು ಸಿಕ್ಕಿದೆ. ಕಲಬುರಗಿಯಲ್ಲಿ ಎಸ್. ನಿಜಲಿಂಗಪ್ಪನವರ ಹೆಸರಿನ ದಂತ ಕಾಲೇಜಿದೆ, ಅಲ್-ಬದರ್ ಇದೆ, ನಮ್ಮ ಬಸ್ಸು ಊರು ಸೇರುವ ಸೇಡಂ ರಸ್ತೆಯಲ್ಲೇ ಇಎಸ್‌ಐಸಿ ದವಾಖಾನಿ ಇದೆ. ಅಲ್ಲಿಯ ಕಿರಿಯ ಡಾಕ್ಟರುಗಳಲ್ಲಿ ಹಲವರು ‘ಎಷ್ಟ್ ದಿನದಿಂದ ನೋಯ್ಲಿಕತ್ತದರಿ ಕಾಕಾ’ ಎಂದು ನಮ್ಮ ಮಾತಿನಲ್ಲೇ ಕೇಳುತ್ತಾರೆ.

ಮಾವನ ನೋಟ್‌ಬುಕ್ಕಿನ ಎಡಪುಟದಲ್ಲಿ ಹೇಳಬೇಕಾದ್ದು, ಬಲಪುಟದಲ್ಲಿ ಕೇಳಬೇಕಾದ್ದು ಬರೆದೆವು. ಈ ಹಲ್ಲು ತೆಗೆಯಲೇಬೇಕೋ, ತೆಗೆಯದಿದ್ದರೆ ಏನಾಗುತ್ತದೆ. ಕೆಳದವಡೆಯ ನರ ಹಲ್ಲಿನ ಬೇರಿಗೆ ಎಷ್ಟು ಹತ್ತಿರವಿದೆ, ಕೆಳದುಟಿ, ಗದ್ದ ಜೋಮು ಹಿಡಿದರೆ ಎಷ್ಟು ದಿನಕ್ಕೆ ಬಿಡುತ್ತದೆ, ಬಿಡದೆಯೂ ಹೋಗಬಹುದೇ. ಸೂಜಿ ಜಾಗಕ್ಕಷ್ಟೋ, ಪೂರ್ತಿ ಮಲಗಿಸುವುದೋ. ಖರ್ಚೆಷ್ಟು, ಕಾರ್ಡು ನಡೆಯುತ್ತದೆಯೋ. ಹೊಲದ ಕೆಲಸಕ್ಕೆ ಎಂದು ಹೋಗಬಹುದು. ರಾತ್ರಿ ರಕ್ತ ಬಂದರೆ, ಬಾವು ಹೆಚ್ಚಿ ನುಂಗಲು ಆಗದಿದ್ದರೆ ಮಳಖೇಡದಿಂದ ಯಾರಿಗೆ ಫೋನ್ ಮಾಡಬೇಕು. ಈ ಕೊನೆಯದು ನನಗೆ ಬಹಳ ಮುಖ್ಯ. ಕಲಬುರಗಿ ನಮಗೆ ಸುಮಾರು 40 ಕಿಲೋಮೀಟರ್, ರಾತ್ರಿ ಹೊತ್ತು ಹೋಗುವುದು ಕಷ್ಟ. ಸಹಿ ಹಾಕುವ ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ, ಓದಿ ಸಹಿ ಹಾಕುತ್ತೇವೆ ಎಂದೂ ಬರೆದೆವು.

ಮರುದಿನದ ಸಂಗತಿ ಹೆಚ್ಚು ಹೇಳುವುದಿಲ್ಲ. ಓಪಿಜಿ ಎಂಬ ದವಡೆಯ ಎಕ್ಸ್-ರೇ ತೆಗೆಯುವ ಯಂತ್ರ ತಲೆಯ ಸುತ್ತ ಒಂದು ಸುತ್ತು ತಿರುಗಿತು. ಚಸ್ಮಾ, ಕೊರಳಿನ ಲಿಂಗದ ಕರಡಿಗೆ ತೆಗೆದು ನನ್ನ ಕೈಗೆ ಕೊಟ್ಟರು. ಸರ್ಜನ್ ಹೆಣ್ಣುಮಗಳು. ನೋಟ್‌ಬುಕ್ಕಿನ ಎರಡೂ ಪುಟಗಳನ್ನು ತಾಳ್ಮೆಯಿಂದ ಓದಿ, ‘ಹದಿನೈದು’ ಎಂಬಲ್ಲಿ ಪೆನ್ನಿನಿಂದ ಗೆರೆ ಎಳೆದರು. ಆಮೇಲೆ ಹಲ್ಲನ್ನು ಬಿಟ್ಟು ತಂಬಾಕು ಇಡುವ ಜಾಗವನ್ನೇ ದೀಪ ಹಿಡಿದು ಬಹಳ ಹೊತ್ತು ನೋಡಿದರು. ಅಲ್ಲೊಂದು ಬಿಳಿ ಮಚ್ಚೆ ಇತ್ತು. ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸೋಣ, ಹೃದಯದ ಡಾಕ್ಟರ ಪತ್ರ ತನ್ನಿ, ಮೂರು ತಿಂಗಳ ಶುಗರಿನ ಪರೀಕ್ಷೆ ಮಾಡಿಸಿ, ಅದು ಇಳಿದ ಮೇಲೆ ಹಲ್ಲು ತೆಗೆಯೋಣ, ಅಲ್ಲಿತನಕ ಆ್ಯಂಟಿಬಯೋಟಿಕ್ ಕೊಡುತ್ತೇನೆ ಎಂದರು. ಮಚ್ಚೆಯಲ್ಲಿ ಕ್ಯಾನ್ಸರ್ ಇಲ್ಲ ಎಂದು ವರದಿ ಬಂತು. ತಂಬಾಕು ಪೂರ್ತಿ ಬಿಡಬೇಕು, ಆಗಾಗ ಬಂದು ತೋರಿಸುತ್ತಿರಬೇಕು ಎಂದಿದ್ದಾರೆ. ಮಾವ ಬಿಡುವ ದಾರಿಯಲ್ಲಿದ್ದಾರೆ. ಹಲ್ಲು ಇನ್ನೂ ಅಲ್ಲೇ ಇದೆ, ಶುಗರ್ ಇಳಿಯುವುದನ್ನು ಕಾಯುತ್ತಿದ್ದೇವೆ.

ಮಳಖೇಡ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಓದುಗರಲ್ಲಿ ನನ್ನ ಕೋರಿಕೆ ಇಷ್ಟೇ. ಮನೆಯ ಹಿರಿಯರ ಗುಳಿಗೆ ಡಬ್ಬಿಯನ್ನು ಇವತ್ತೇ ತೆರೆದು ಒಂದೊಂದರ ಹೆಸರು ಕಾಗದದ ಮೇಲೆ ಬರೆದಿಡಿ, ಹೆಸರಿಲ್ಲದ ತುಂಡು ಇದ್ದರೆ ಅಂಗಡಿಗೆ ಹೋಗಿ ಕೇಳಿ. ಬಾಯಲ್ಲಿ ಎರಡು ವಾರ ದಾಟಿಯೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಮೂರು ಬೆರಳು ಹಿಡಿಯದಿದ್ದರೆ, ತೊಗರಿ ರಾಶಿಗೆ ಕಾಯಬೇಡಿ. ಹತ್ತಿರದ ಹಲ್ಲಿನ ಡಾಕ್ಟರಿಗೆ ತೋರಿಸಿ. ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ಕೇಂದ್ರವೂ ಕಲಬುರಗಿಯಲ್ಲೇ ಇದೆ.